ಇಂಗ್ಲೀಷ್ ವಾಕ್ಯಗಳಲ್ಲಿ ವಿರಾಮಚಿಹ್ನೆಗಳ ಉಪಯೋಗ

ಮೇಲ್ತರಗತಿಗಳ ಇಂಗ್ಲೀಷ್ ಪ್ರಬಂಧಗಳನ್ನು ತಿದ್ದುವಾಗ ನಾವು ಪದೇ ಪದೇ ಕಾಣುವ ಸಂಗತಿಯೊಂದುಂಟು. ಕಾಗುಣಿತ ಸರಿಯಾಗಿರುವದು, ವ್ಯಾಕರಣವೂ ಬಹುಮಟ್ಟಿಗೆ ಸರಿಯಾಗಿರುವದು, ಹೇಳಬೇಕಾದ ವಿಷಯವೂ ಚೆನ್ನಾಗಿರುವದು. ಆದರೆ ಕಾಮಾ ಫುಲ್‌ಸ್ಟಾಪುಗಳು ಮಾತ್ರ ಊಟವಾದ ಮೇಲೆ ಎಲೆಯ ಸುತ್ತ ಚೆಲ್ಲಿದ ಅಗುಳುಗಳಂತೆ ಎಲ್ಲೆಂದರಲ್ಲಿ ಬಿದ್ದಿರುವವು. ಕಾರಣವನ್ನು ವಿಚಾರಿಸಿದರೆ, “ಉಸಿರು ತೆಗೆದುಕೊಳ್ಳುವಲ್ಲಿ ಕಾಮಾ ಹಾಕಬೇಕೆಂದು ಕಲಿತೆವು” ಎಂದು ಹುಡುಗಿಯರು ಹೇಳುವರು. ಈ ನಿಯಮವು ಪೂರಾ ಸುಳ್ಳಲ್ಲ, ಆದರೆ ಸಾಲದು. ಒಬ್ಬಳ ಉಸಿರು ಉದ್ದ, ಇನ್ನೊಬ್ಬಳದು ಗಿಡ್ಡ. ವಾಕ್ಯದ ಅರ್ಥವೋ ಇಬ್ಬರಿಗೂ ಒಂದೇ. ಆದಕಾರಣ ಉಸಿರನ್ನು ಬಿಟ್ಟು ಅರ್ಥವನ್ನು ಹಿಡಿದು ಈ ಚಿಹ್ನೆಗಳನ್ನು ಕಲಿಯುವ ಮಾರ್ಗವನ್ನು ಈ ಲೇಖನದಲ್ಲಿ ತಿಳಿಸಲೆಳಸುತ್ತೇವೆ. ಮನೆಯಲ್ಲಿ ತಾಯಂದಿರೂ ಓದಿ ಮಕ್ಕಳಿಗೆ ಸಹಾಯಮಾಡಲೆಂದು ಇಂಗ್ಲೀಷ್ ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಕೊಟ್ಟಿದ್ದೇವೆ.

೧. ಚಿಹ್ನೆಗಳು ಹುಟ್ಟಿದ ಬಗೆ

ಪೂರ್ವಕಾಲದ ಗ್ರೀಕರು ಪದಗಳ ನಡುವೆ ತೆರಪು ಬಿಡದೆ ಒಂದೇ ಸಾಲಾಗಿ ಬರೆಯುತ್ತಿದ್ದರು. ಕ್ರಿಸ್ತಪೂರ್ವ ೨೦೦ರ ಸುಮಾರಿಗೆ ಅಲೆಕ್ಸಾಂಡ್ರಿಯ ಪಟ್ಟಣದ ಗ್ರಂಥಾಲಯದಲ್ಲಿದ್ದ ಅರಿಸ್ಟೋಫನೀಸನೆಂಬ ಪಂಡಿತನು ಗಟ್ಟಿಯಾಗಿ ಓದುವವರ ಅನುಕೂಲಕ್ಕಾಗಿ ಸಾಲಿನ ಬೇರೆ ಬೇರೆ ಎತ್ತರಗಳಲ್ಲಿ ಮೂರು ಬಗೆಯ ಚುಕ್ಕೆಗಳನ್ನಿಡುವ ಕ್ರಮವನ್ನು ತಂದನು. ಕಾಮಾ, ಕೋಲನ್, ಪೀರಿಯಡ್ ಎಂಬವು ಆಗ ಚಿಹ್ನೆಗಳ ಹೆಸರಾಗಿರದೆ ವಾಕ್ಯದ ಭಾಗಗಳ ಹೆಸರಾಗಿದ್ದವು. ಅಚ್ಚಿನ ಯಂತ್ರವು ಬಂದ ಮೇಲೆ ಈ ಚಿಹ್ನೆಗಳಿಗೆ ಸ್ಥಿರವಾದ ರೂಪ ದೊರೆಯಿತು. ವೆನಿಸ್ ನಗರದ ಮುದ್ರಕನಾದ ಆಲ್ಡಸ್ ಮನುಶಿಯಸನು ೧೪೯೬ರಲ್ಲಿ ಅಚ್ಚುಹಾಕಿದ ಬೆಂಬೊ ಎಂಬವನ ಒಂದು ಪುಸ್ತಕದಲ್ಲಿ ಇಂದಿನ ಸೆಮಿಕೋಲನ್ನು ಮೊದಲು ಕಾಣಿಸಿಕೊಂಡಿತು.

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿಯೂ ತಾಳೆಯೋಲೆಗಳಲ್ಲಿಯೂ ಪದಗಳನ್ನು ಬಿಡಿಬಿಡಿಯಾಗಿ ಬರೆಯುವ ವಾಡಿಕೆ ಇರಲಿಲ್ಲ. ಪದ್ಯದ ಕೊನೆಗೆ ನಿಲ್ಲುಗೆರೆಯನ್ನೆಳೆದರೆ ಸಾಕಾಗಿತ್ತು. ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟವು ೧೮೪೧ರಲ್ಲಿ ಸ್ಥಾಪನೆಯಾಯಿತು. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗರು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಆ ಶತಮಾನದಲ್ಲಿ ಅಚ್ಚಿನ ಗದ್ಯವು ಬೆಳೆದಂತೆ ಇಂಗ್ಲೀಷಿನ ಚಿಹ್ನೆಗಳು ಕನ್ನಡಕ್ಕೂ ಬಂದು ನೆಲೆಸಿದವು. ಅಂದರೆ ಈ ಚಿಹ್ನೆಗಳು ನಮ್ಮ ಭಾಷೆಗೆ ಬಂದ ಅತಿಥಿಗಳು; ಇಂಗ್ಲೀಷಿಗಾದರೋ ಮನೆಯ ಆಳುಗಳು. ಈ ಭೇದವನ್ನು ಮುಂದಿನ ವಿಷಯದಿಂದ ತಿಳಿದುಕೊಳ್ಳಬಹುದು.

೨. ಕನ್ನಡದಲ್ಲಿ ಪ್ರತ್ಯಯ, ಇಂಗ್ಲೀಷಿನಲ್ಲಿ ಚಿಹ್ನೆ

ಕನ್ನಡ ವಾಕ್ಯವು ಪೂರ್ಣಕ್ರಿಯಾಪದದಿಂದ ಮುಗಿಯುವದು ವಾಡಿಕೆ. “ಬಂದಳು” ಎಂದು ಕೇಳಿದ ಕೂಡಲೆ ವಾಕ್ಯ ಮುಗಿಯಿತೆಂದೂ, “ಬಂದು” ಎಂದು ಕೇಳಿದ ಕೂಡಲೆ ಮಾತು ಇನ್ನೂ ಉಂಟೆಂದೂ ಚಿಕ್ಕ ಮಗುವೂ ಬಲ್ಲದು. ಪ್ರಶ್ನೆಯನ್ನು “ಬಂದಳೋ” ಎಂಬ ಓಕಾರವು ತಿಳಿಸುವದು. ಕರೆಯುವದನ್ನು “ಮಗಳೇ” ಎಂಬ ಏಕಾರವು ತಿಳಿಸುವದು. ಅನೇಕ ವಸ್ತುಗಳನ್ನು ಕೂಡಿಸುವಲ್ಲಿ “ಅಕ್ಕಿಯೂ ಬೇಳೆಯೂ ಉಪ್ಪೂ” ಎಂದು ಒಂದೊಂದಕ್ಕೂ ಊಕಾರವನ್ನು ಹಚ್ಚುವೆವು. ಇನ್ನೊಬ್ಬರ ಮಾತು ಎಲ್ಲಿಗೆ ಮುಗಿಯಿತೆಂಬದನ್ನು “ಎಂದು” ಎಂಬ ಒಂದು ಪದವು ತೋರಿಸಿಕೊಡುವದು. ಹೀಗಿರಲಾಗಿ ಕನ್ನಡದ ಒಂದು ಪುಟದಿಂದ ಚಿಹ್ನೆಗಳನ್ನೆಲ್ಲಾ ಅಳಿಸಿಬಿಟ್ಟರೂ ಅರ್ಥವು ಹೆಚ್ಚಾಗಿ ಕೆಡದು.

ಇಂಗ್ಲೀಷಿಗೆ ಈ ಪ್ರತ್ಯಯಗಳ ಸಂಪತ್ತು ಇಲ್ಲ. ಅದರಲ್ಲಿ ಪದಗಳ ಸ್ಥಾನವೂ ಚಿಹ್ನೆಗಳೂ ಸೇರಿ ಆ ಕೆಲಸವನ್ನು ಮಾಡಬೇಕು. ಕನ್ನಡ ಹುಡುಗಿಯು ಇಂಗ್ಲೀಷಿನಲ್ಲಿ ಕಾಮಾವನ್ನು ಅಲಕ್ಷ್ಯಮಾಡುವದು ಸೋಮಾರಿತನದಿಂದಲ್ಲ. ತನ್ನ ಮಾತೃಭಾಷೆಯಲ್ಲಿ ಅದರ ಹಂಗು ಅವಳಿಗೆ ಅಷ್ಟಾಗಿ ಇಲ್ಲದ್ದರಿಂದಲೇ. ಆದಕಾರಣ ನಮ್ಮ ಮುಖ್ಯ ಸೂತ್ರವು ಇದು: ಕನ್ನಡದಲ್ಲಿ ಯಾವ ಪ್ರತ್ಯಯವನ್ನು ಬಿಟ್ಟರೆ ಅರ್ಥ ಕೆಡುವದೋ ಅದರ ಸ್ಥಳದಲ್ಲಿ ಇಂಗ್ಲೀಷಿನಲ್ಲಿ ಯಾವ ಚಿಹ್ನೆ ಬರಬೇಕೆಂದು ವಿಚಾರಿಸಿರಿ.

೩. ಕರೆಯುವ ಕಾಮಾ

“ಹ್ಯಾವ್ ಯು ವಾಶ್ಡ್ ಮೇರಿ?” ಎಂದು ಬರೆದರೆ, ನೀನು ಮೇರಿಯನ್ನು ತೊಳೆದೆಯೋ ಎಂದರ್ಥವಾಯಿತು. “ಹ್ಯಾವ್ ಯು ವಾಶ್ಡ್, ಮೇರಿ?” ಎಂದರೆ, ಮೇರಿಯೇ, ನೀನು ಮೈಕೈ ತೊಳೆದುಕೊಂಡೆಯೋ ಎಂದರ್ಥ. ಕನ್ನಡದಲ್ಲಿ “ಮೇರಿಯನ್ನು”, “ಮೇರಿಯೇ” ಎಂಬ ಪ್ರತ್ಯಯಭೇದವು ಮಾಡಿದ ಕೆಲಸವನ್ನೇ ಇಂಗ್ಲೀಷಿನಲ್ಲಿ ಒಂದು ಚಿಕ್ಕ ಕಾಮಾ ಮಾಡಿತು. ಯಾರನ್ನಾದರೂ ಹೆಸರು ಹಿಡಿದೋ ಪದವಿ ಹಿಡಿದೋ ಕರೆಯುವಾಗ ಆ ಹೆಸರನ್ನು ಕಾಮಾದಿಂದ ಬೇರ್ಪಡಿಸತಕ್ಕದ್ದು. ಹೆಸರು ವಾಕ್ಯದ ನಡುವೆ ಬಂದರೆ ಎರಡು ಕಡೆಗೂ ಕಾಮಾ ಬೇಕು. “ಯೆಸ್, ಮೇಡಮ್, ಐ ಹ್ಯಾವ್ ಫಿನಿಶ್ಡ್.”

೪. ವಾಕ್ಯಗಳನ್ನು ಕಾಮಾದಿಂದ ಹೊಲಿಯಬಾರದು

ನಮ್ಮ ಹುಡುಗಿಯರಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ. “ಮಳೆ ಬಂತು, ನಾವು ಒಳಗೆ ಹೋದೆವು” ಎಂದು ಕನ್ನಡದಲ್ಲಿ ಬರೆದರೆ ಯಾರೂ ಆಕ್ಷೇಪಿಸರು. ಅದನ್ನೇ “ಇಟ್ ರೇನ್ಡ್, ವಿ ವೆಂಟ್ ಇನ್” ಎಂದು ಇಂಗ್ಲೀಷಿನಲ್ಲಿ ಬರೆದರೆ ತಪ್ಪು. ಎರಡು ಪೂರ್ಣ ವಾಕ್ಯಗಳನ್ನು ಬರೇ ಕಾಮಾದಿಂದ ಸೇರಿಸುವದು ಎರಡು ದಪ್ಪ ಹಲಗೆಗಳನ್ನು ನೂಲಿನಿಂದ ಕಟ್ಟಿದಂತೆ. ಇದಕ್ಕೆ ನಾಲ್ಕು ಪರಿಹಾರಗಳುಂಟು:

(ಅ) ಫುಲ್‌ಸ್ಟಾಪ್: “ಇಟ್ ರೇನ್ಡ್. ವಿ ವೆಂಟ್ ಇನ್.”

(ಆ) ಸೆಮಿಕೋಲನ್: “ಇಟ್ ರೇನ್ಡ್; ವಿ ವೆಂಟ್ ಇನ್.”

(ಇ) ಕಾಮಾದೊಡನೆ ಸಮುಚ್ಚಯಪದ: “ಇಟ್ ರೇನ್ಡ್, ಆ್ಯಂಡ್ ವಿ ವೆಂಟ್ ಇನ್.”

(ಈ) ಒಂದನ್ನು ಇನ್ನೊಂದಕ್ಕೆ ಅಧೀನಮಾಡುವದು: “ವೆನ್ ಇಟ್ ರೇನ್ಡ್, ವಿ ವೆಂಟ್ ಇನ್.”

ನಾಲ್ಕೂ ಸರಿ, ಆದರೆ ನಾಲ್ಕರ ರುಚಿ ಬೇರೆ. ಮೊದಲನೆಯದು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳುವದು. ಎರಡನೆಯದು ಅವುಗಳ ಸಂಬಂಧವನ್ನು ಸೂಚಿಸುವದು. ಮೂರನೆಯದು ಸಮವಾಗಿ ಕೂಡಿಸುವದು. ನಾಲ್ಕನೆಯದು ಒಂದು ಯಾವಾಗ ನಡೆಯಿತೆಂಬದನ್ನು ಇನ್ನೊಂದರಿಂದ ಸ್ಪಷ್ಟಪಡಿಸುವದು.

“ದೇರ್‌ಫೋರ್”, “ಹವೆವರ್” ಎಂಬ ಪದಗಳು ಇಲ್ಲಿ ಮೋಸಗೊಳಿಸುವವು. ಇವು ಕ್ರಿಯಾವಿಶೇಷಣಗಳೇ ಹೊರತು ಸಮುಚ್ಚಯಪದಗಳಲ್ಲ. ವಾಕ್ಯಗಳನ್ನು ಬೆಸೆಯುವ ಶಕ್ತಿ ಇವುಗಳಿಗಿಲ್ಲ. ಆದಕಾರಣ “ಶಿ ವಾಸ್ ಇಲ್; ದೇರ್‌ಫೋರ್, ಶಿ ಸ್ಟೇಡ್ ಎಟ್ ಹೋಮ್” ಎಂದು ಮೊದಲಲ್ಲಿ ಸೆಮಿಕೋಲನ್ನನ್ನೇ ಇಡಬೇಕು.

೫. “ಏಕೆಂದರೆ” ಎಂಬಲ್ಲಿ ಎಚ್ಚರಿಕೆ

ಇದು ಹಿಂದಿನದಕ್ಕೆ ವಿಪರೀತವಾದ ತಪ್ಪು. “ಅವಳು ಬರಲಿಲ್ಲ. ಏಕೆಂದರೆ ಅವಳಿಗೆ ಜ್ವರವಿತ್ತು” ಎಂದು ಕನ್ನಡದಲ್ಲಿ ಎರಡು ವಾಕ್ಯಗಳಾಗಿ ಬರೆಯಬಹುದು. ಅದನ್ನು ನೋಡಿ “ಶಿ ಡಿಡ್ ನಾಟ್ ಕಮ್. ಬಿಕಾಸ್ ಶಿ ಹ್ಯಾಡ್ ಫೀವರ್” ಎಂದು ಬರೆದರೆ ಎರಡನೆಯದು ತಲೆಯಿಲ್ಲದ ಮುಂಡವಾಗುವದು. “ಬಿಕಾಸ್”, “ಆಲ್ದೋ”, “ಇಫ್”, “ವೆನ್” ಎಂಬವುಗಳಿಂದ ಪ್ರಾರಂಭವಾಗುವ ಅಧೀನವಾಕ್ಯವು ತನ್ನ ಮುಖ್ಯವಾಕ್ಯವನ್ನು ಬಿಟ್ಟು ಒಂಟಿಯಾಗಿ ನಿಲ್ಲಲಾರದು. ಅಧೀನವಾಕ್ಯವು ಮೊದಲು ಬಂದರೆ ಅದರ ಕೊನೆಗೆ ಕಾಮಾ ಹಾಕುವದು. ಹಿಂದೆ ಬಂದರೆ ಸಾಮಾನ್ಯವಾಗಿ ಬೇಡ.

ಆದರೆ ಮುಖ್ಯವಾಕ್ಯದಲ್ಲಿ “ನಾಟ್” ಎಂಬದಿದ್ದರೆ ವಿಶೇಷವಾಗಿ ಯೋಚಿಸಬೇಕು. “ಶಿ ಡಿಡ್ ನಾಟ್ ಕಮ್ ಬಿಕಾಸ್ ಶಿ ವಾಸ್ ಅಫ್ರೇಡ್” ಎಂಬದನ್ನು, ಅಂಜಿದ್ದರಿಂದ ಅವಳು ಬರಲಿಲ್ಲ ಎಂದೂ ಓದಬಹುದು; ಅವಳು ಬಂದದ್ದು ಅಂಜಿಕೆಯಿಂದಲ್ಲ, ಬೇರೊಂದು ಕಾರಣದಿಂದ ಎಂದೂ ಓದಬಹುದು. “ಕಮ್” ಎಂಬದರ ಮುಂದೆ ಕಾಮಾ ಇಟ್ಟರೆ ಮೊದಲನೆಯ ಅರ್ಥವೇ ನಿಶ್ಚಯವಾಗುವದು. ಅವಳು ಬಂದಳೋ ಇಲ್ಲವೋ ಎಂಬದನ್ನೇ ಒಂದು ಕಾಮಾ ತೀರ್ಮಾನಿಸಿತೆಂದು ಇದರಿಂದ ತಿಳಿಯುತ್ತದೆ.

೬. “ಯಾರು” ಎಂಬುದಕ್ಕೆ ಕಾಮಾ ಬೇಕೋ ಬೇಡವೋ

“ತೇರ್ಗಡೆಯಾದ ಹುಡುಗಿಯರಿಗೆ ಬಹುಮಾನ ಸಿಕ್ಕುವದು” ಎಂದು ಕನ್ನಡದಲ್ಲಿ ಹೇಳಿದರೆ, ಎಲ್ಲರೂ ತೇರ್ಗಡೆಯಾದರೋ ಕೆಲವರು ಮಾತ್ರವೋ ಎಂಬದು ಸ್ಪಷ್ಟವಾಗಿಲ್ಲ, ಸಂದರ್ಭದಿಂದ ಊಹಿಸಿಕೊಳ್ಳಬೇಕು. ಇಲ್ಲಿ ಇಂಗ್ಲೀಷು ನಮ್ಮ ಭಾಷೆಗಿಂತ ನಿಷ್ಕರ್ಷೆಯಾಗಿದೆ. “ದಿ ಗರ್ಲ್ಸ್ ಹೂ ಪಾಸ್ಡ್ ವಿಲ್ ಗೆಟ್ ಪ್ರೈಜಸ್” ಎಂದು ಕಾಮಾ ಇಲ್ಲದೆ ಬರೆದರೆ, ತೇರ್ಗಡೆಯಾದವರಿಗೆ ಮಾತ್ರ ಬಹುಮಾನ. “ದಿ ಗರ್ಲ್ಸ್, ಹೂ ಪಾಸ್ಡ್, ವಿಲ್ ಗೆಟ್ ಪ್ರೈಜಸ್” ಎಂದರೆ, ಆ ಹುಡುಗಿಯರೆಲ್ಲರೂ ತೇರ್ಗಡೆಯಾದರು, ಎಲ್ಲರಿಗೂ ಬಹುಮಾನ. ಹಾಗೆಯೇ “ಮೈ ಸಿಸ್ಟರ್ ಹೂ ಈಸ್ ಎ ನರ್ಸ್” ಎಂದು ಕಾಮಾ ಇಲ್ಲದೆ ಬರೆದವಳಿಗೆ ಒಬ್ಬಳಿಗಿಂತ ಹೆಚ್ಚು ಅಕ್ಕತಂಗಿಯರು ಇದ್ದಾರೆಂದು ಓದುಗನು ತಿಳಿಯುವನು.

ಪರೀಕ್ಷೆಮಾಡುವ ಉಪಾಯ ಸುಲಭ. “ಹೂ” ಎಂದು ಆರಂಭವಾಗುವ ಭಾಗವನ್ನು ಕೈಯಿಂದ ಮುಚ್ಚಿರಿ. ಉಳಿದ ಮಾತು ಹಾಗೆಯೇ ಸತ್ಯವಾಗಿ ನಿಂತರೆ ಕಾಮಾಗಳನ್ನು ಹಾಕಿರಿ. ಸತ್ಯವು ಬದಲಾದರೆ ಹಾಕಬೇಡಿರಿ. ಹಾಕುವದಾದರೆ ಎರಡನ್ನೂ ಹಾಕಿರಿ. ಒಂದೇ ಕಾಮಾ ಒಂದೇ ಕದವಿರುವ ಜೋಡಿಬಾಗಲಿನಂತೆ.

ಇದರೊಂದಿಗೆ ಇನ್ನೊಂದು ಮಾತು. ಕರ್ತೃವು ಎಷ್ಟೇ ಉದ್ದವಾಗಿದ್ದರೂ ಅದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಕೂಡದು. “ದಿ ಗರ್ಲ್ಸ್ ಆಫ್ ದಿ ಟೆಂತ್ ಕ್ಲಾಸ್, ಸ್ಯಾಂಗ್ ವೆಲ್” ಎಂಬದು ತಪ್ಪು. ಉಸಿರಿನ ನಿಯಮವನ್ನು ನಂಬಿದವರು ಮುಖ್ಯವಾಗಿ ಎಡವುವದು ಇಲ್ಲಿಯೇ.

೭. ಇನ್ನೊಬ್ಬರ ಮಾತು

ಅವಳು “ನಾನು ಬರುತ್ತೇನೆ” ಎಂದಳು. ಕನ್ನಡದಲ್ಲಿ ಇದಕ್ಕೆ ಉದ್ಧರಣಚಿಹ್ನೆ ಇಲ್ಲದಿದ್ದರೂ “ನಾನು” ಎಂದರೆ ಅವಳೇ ಎಂದು “ಎಂದಳು” ಎಂಬದರಿಂದ ಸಾಮಾನ್ಯವಾಗಿ ತಿಳಿಯುವದು. ಇಂಗ್ಲೀಷಿನಲ್ಲಿ ಹಾಗಲ್ಲ. “ಶಿ ಸೆಡ್ ಐ ವುಡ್ ಕಮ್” ಎಂದು ಬರೆದರೆ, ಬರೆಯುವ ನಾನು ಬರುವೆನೆಂದು ಅವಳು ಹೇಳಿದಳೆಂದಾಯಿತು. “ಶಿ ಸೆಡ್, ‘ಐ ವಿಲ್ ಕಮ್.’” ಎಂದು ಬರೆದರೆ ಮಾತ್ರ ಬರುವವಳು ಅವಳು. ಮಾತು ಯಾರದು, ವಾಗ್ದಾನ ಯಾರದು ಎಂಬದನ್ನು ಈ ಚಿಹ್ನೆಗಳೇ ಕಾಯುವವು; ಇನ್ನೊಬ್ಬರ ಬಾಯಲ್ಲಿ ಇಲ್ಲದ ಮಾತನ್ನು ಅವುಗಳ ಒಳಗೆ ಸೇರಿಸುವದು ಅಸತ್ಯವೆಂದು ನೆನಪಿಡಿರಿ.

ಪ್ರಶ್ನಾರ್ಥಕ ಚಿಹ್ನೆಯೂ ಇದೇ ರೀತಿಯದು. “ಶಿ ಆಸ್ಕ್ಡ್, ‘ವೇರ್ ಡು ಯು ಲಿವ್?’” ಎಂಬಲ್ಲಿ ಪ್ರಶ್ನೆಯು ಕಿವಿಗೆ ಕೇಳಿದಂತೆಯೇ ಬಂದಿದೆ, ಆದಕಾರಣ ಚಿಹ್ನೆ ಬೇಕು. “ಶಿ ಆಸ್ಕ್ಡ್ ವೇರ್ ಐ ಲಿವ್ಡ್.” ಎಂಬದು ಪ್ರಶ್ನೆಯ ವರದಿ ಮಾತ್ರ, ಅದಕ್ಕೆ ಫುಲ್‌ಸ್ಟಾಪೇ ಸರಿ. ಒಂಟಿ ಉದ್ಧರಣಚಿಹ್ನೆಯನ್ನೋ ಜೋಡಿಯನ್ನೋ ಉಪಯೋಗಿಸಬಹುದು. ಒಂದು ಲೇಖನದಲ್ಲಿ ಒಂದೇ ಪದ್ಧತಿಯನ್ನು ಅನುಸರಿಸಿರಿ.

೮. ಅಪಾಸ್ಟ್ರಫಿ

ಇದು ಕನ್ನಡದ ಷಷ್ಠೀವಿಭಕ್ತಿಯ ಕೆಲಸ ಮಾಡುವದು. “ದಿ ಟೀಚರ್'ಸ್ ರೂಮ್” ಎಂದರೆ ಒಬ್ಬ ಉಪಾಧ್ಯಾಯಿನಿಯ ಕೋಣೆ. “ದಿ ಟೀಚರ್ಸ್' ರೂಮ್” ಎಂದರೆ ಅನೇಕ ಉಪಾಧ್ಯಾಯಿನಿಯರ ಕೋಣೆ. ಕಿವಿಗೆ ಎರಡೂ ಒಂದೇ. ಕಣ್ಣಿಗೆ ಮಾತ್ರ ಬೇರೆ. “ಚಿಲ್ಡ್ರನ್'ಸ್” ಎಂಬಲ್ಲಿ ಬಹುವಚನವು ಎಸ್ ಅಕ್ಷರದಿಂದ ಮುಗಿಯದ ಕಾರಣ ಚಿಹ್ನೆಯು ಎಸ್ಸಿಗೆ ಮೊದಲೇ ಬರುವದು. ಬರೇ ಬಹುವಚನಕ್ಕೆ ಇದನ್ನು ಹಚ್ಚಬಾರದು.

“ಇಟ್ಸ್” ಎಂಬ ಪದದಲ್ಲಿ ಅನೇಕರು ಸೋಲುವರು. ಚಿಹ್ನೆಯುಳ್ಳ “ಇಟ್'ಸ್” ಎಂದರೆ “ಇಟ್ ಈಸ್” ಅಥವಾ “ಇಟ್ ಹ್ಯಾಸ್”. ಚಿಹ್ನೆ ಇಲ್ಲದ್ದು “ಅದರ” ಎಂಬರ್ಥದ್ದು. ಸಂದೇಹ ಬಂದಾಗ “ಇಟ್ ಈಸ್” ಎಂದು ಬಿಡಿಸಿ ಓದಿರಿ. ಅರ್ಥ ಕೂಡಿಬಂದರೆ ಚಿಹ್ನೆ ಇಡಿರಿ. “ಹಿಸ್”, “ಹರ್ಸ್” ಎಂಬವುಗಳಿಗೆ ಚಿಹ್ನೆ ಇಲ್ಲದಂತೆಯೇ “ಅದರ” ಎಂಬದಕ್ಕೂ ಇಲ್ಲ.

೯. ಪಟ್ಟಿಯ ಕಾಮಾ, ಮತ್ತು ಎರಡು ವ್ಯಾಜ್ಯಗಳು

ಅನೇಕ ವಸ್ತುಗಳನ್ನು ಎಣಿಸುವಾಗ ಅವುಗಳ ನಡುವೆ ಕಾಮಾ ಹಾಕಿ ಕೊನೆಯದಕ್ಕೆ ಮಾತ್ರ “ಆ್ಯಂಡ್” ಅಥವಾ “ಆರ್” ಸೇರಿಸುವದು ರೂಢಿ. ಆ ಕೊನೆಯ ಪದಕ್ಕೆ ಮುಂಚೆ ಕಾಮಾ ಬೇಕೋ ಬೇಡವೋ ಎಂಬದರಲ್ಲಿ ಪಂಡಿತರಿಗೆ ಭಿನ್ನಾಭಿಪ್ರಾಯವುಂಟು. ಇದು ಬರೇ ಪಂಡಿತರ ಜಗಳವಲ್ಲವೆಂಬದಕ್ಕೆ ಅಮೇರಿಕಾದ ಮೇಯ್ನ್ ಸಂಸ್ಥಾನದಲ್ಲಿ ನಡೆದ ಒಂದು ವ್ಯಾಜ್ಯವೇ ಸಾಕ್ಷಿ. ಅಲ್ಲಿಯ ಕಾಯಿದೆಯು, ಬೇಗ ಕೆಡುವ ಆಹಾರಪದಾರ್ಥಗಳನ್ನು ಡಬ್ಬಿಗಳಲ್ಲಿ ತುಂಬುವದು, ಒಣಗಿಸುವದು, ಶೇಖರಿಸುವದು ಮೊದಲಾದ ಕೆಲಸಗಳನ್ನು ಎಣಿಸಿ, ಇವುಗಳಿಗೆ ಹೆಚ್ಚುಹೊತ್ತಿನ ದುಡಿಮೆಯ ಅಧಿಕ ಕೂಲಿ ಸಲ್ಲದೆಂದು ವಿಧಿಸಿತ್ತು. ಪಟ್ಟಿಯ ಕೊನೆಗೆ, ರವಾನೆ ಅಥವಾ ಹಂಚಿಕೆಗಾಗಿ ಕಟ್ಟುವದು ಎಂದು ಓದಬಹುದಾದ ಮಾತು ಇತ್ತು. “ಅಥವಾ” ಎಂಬದರ ಮುಂಚೆ ಕಾಮಾ ಇರಲಿಲ್ಲ. ಹಾಲಿನ ಗಾಡಿಗಳನ್ನು ನಡೆಸುವವರು, “ನಾವು ಹಂಚುವವರು, ಕಟ್ಟುವವರಲ್ಲ, ಹಂಚುವದನ್ನು ಪಟ್ಟಿಯಲ್ಲಿ ಬೇರೆಯಾಗಿ ಎಣಿಸಿಲ್ಲ” ಎಂದು ವಾದಿಸಿದರು. ೨೦೧೭ರ ಮಾರ್ಚಿಯಲ್ಲಿ ಅಪ್ಪೀಲಿನ ನ್ಯಾಯಾಲಯವು ಕಾಯಿದೆ ಅಸ್ಪಷ್ಟವೆಂದು ಹೇಳಿ ಅವರ ಪರವಾಗಿ ತೀರ್ಪುಕೊಟ್ಟಿತು. ೨೦೧೮ರಲ್ಲಿ ಐವತ್ತು ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಆ ಸಂಸ್ಥಾನದ ಶಾಸನಸಭೆಯು ಪಟ್ಟಿಯನ್ನು ತಿದ್ದಿ ಪ್ರತಿಯೊಂದು ಕೆಲಸದ ನಡುವೆ ಸೆಮಿಕೋಲನ್ನುಗಳನ್ನಿಟ್ಟಿತು. ಗಾಡಿ ನಡೆಸುವ ಬಡವರ ಕೂಲಿಯು ಬರೆಯದೆ ಬಿಟ್ಟ ಒಂದು ಕಾಮಾದಲ್ಲಿ ಅಡಗಿತ್ತು.

ಇದಕ್ಕಿಂತಲೂ ಗಂಭೀರವಾದದ್ದು ಸರ್ ರೋಜರ್ ಕೇಸ್‌ಮೆಂಟನ ವಿಚಾರಣೆ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಸಹಾಯವನ್ನು ಹುಡುಕಿದ ಈತನನ್ನು ೧೯೧೬ರಲ್ಲಿ ಲಂಡನಿನಲ್ಲಿ ರಾಜದ್ರೋಹಕ್ಕಾಗಿ ವಿಚಾರಿಸಿದರು. ಕಾಯಿದೆಯು ಮೂರನೆಯ ಎಡ್ವರ್ಡ್ ಅರಸನ ಕಾಲದ್ದು, ೧೩೫೧ರದು, ನಾರ್ಮನ್ ಫ್ರೆಂಚ್ ಭಾಷೆಯದು. ರಾಜ್ಯದೊಳಗೆ ಶತ್ರುಗಳನ್ನು ಸೇರುವದರ ವಿಷಯವಾದ ಮಾತಿನ ಕೊನೆಗೆ “ಅಥವಾ ಬೇರೆಡೆಯಲ್ಲಿ” ಎಂಬ ಪದಗಳಿದ್ದವು. ಅವು ಇಡೀ ಮಾತಿಗೆ ಸೇರುವವೋ, ಕೊನೆಯ ತುಂಡಿಗೆ ಮಾತ್ರ ಸೇರುವವೋ ಎಂಬದೇ ಪ್ರಶ್ನೆ. ಕೊನೆಯದಕ್ಕೆ ಮಾತ್ರವೆಂದಾದರೆ ಜರ್ಮನಿಯಲ್ಲಿ ಮಾಡಿದ ಕೃತ್ಯವು ಆ ಕಾಯಿದೆಗೆ ಒಳಪಡುತ್ತಿರಲಿಲ್ಲ. ನ್ಯಾಯಾಧೀಶರು ಹಳೆಯ ಮೂಲಪ್ರತಿಯಲ್ಲಿರುವ ಗುರುತುಗಳನ್ನು ಪರೀಕ್ಷಿಸಿ ನೋಡಿದರು. ವಾದವು ನಿಲ್ಲಲಿಲ್ಲ, ೧೯೧೬ನೆಯ ಆಗಸ್ಟ್ ೩ರಂದು ಅವನನ್ನು ಗಲ್ಲಿಗೇರಿಸಿದರು. ಕಾಮಾದ ಮೇಲೆ ಗಲ್ಲಿಗೇರಿದವನೆಂಬ ಮಾತು ಅವನ ವಿಷಯದಲ್ಲಿ ಹುಟ್ಟಿಕೊಂಡಿತು.

೧೦. ಉಳಿದ ಚಿಹ್ನೆಗಳು

ಕೋಲನ್ನು “ಅದೇನೆಂದರೆ” ಎಂಬುದರ ಸ್ಥಾನದಲ್ಲಿ ನಿಲ್ಲುವದು. ಪಟ್ಟಿಯನ್ನೋ ವಿವರಣೆಯನ್ನೋ ಮುಂದಿಡುವದು. ಆಶ್ಚರ್ಯಸೂಚಕವನ್ನು ಒಂದು ಪ್ರಬಂಧಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚಾಗಿ ಉಪಯೋಗಿಸಬೇಡಿರಿ; ಸದಾ ಕೂಗುವವಳ ಕೂಗಿಗೆ ಯಾರೂ ತಿರುಗಿ ನೋಡರು. ಡ್ಯಾಶ್ ಎಂಬ ಅಡ್ಡಗೆರೆಯು ಬೇರೆ ಚಿಹ್ನೆ ತಿಳಿಯದವರ ಆಶ್ರಯವಾಗಬಾರದು. ಕನ್ನಡದಲ್ಲಿ ದೊಡ್ಡಕ್ಷರಗಳಿಲ್ಲ, ಇಂಗ್ಲೀಷಿನಲ್ಲಿ ಫುಲ್‌ಸ್ಟಾಪಿನ ಮುಂದಿನ ಪದ ದೊಡ್ಡಕ್ಷರದಿಂದಲೇ ಆರಂಭವಾಗಬೇಕೆಂಬದನ್ನು ಮರೆಯಬೇಡಿರಿ.

೧೧. ಈ ಶ್ರಮವೇಕೆ?

ಪರೀಕ್ಷೆಯ ಅಂಕಗಳಿಗಾಗಿ ಮಾತ್ರವೆಂದು ಭಾವಿಸಬೇಡಿರಿ. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ಮನೆಯಲ್ಲಿ ಇಂಗ್ಲೀಷ್ ಬಲ್ಲವರಲ್ಲಿ ಮೊದಲಿಗರು. ತಂದೆಯ ಅರ್ಜಿ, ಅಜ್ಜಿಯ ಪಿಂಚಣಿಯ ಕಾಗದ, ಅಣ್ಣನ ಕರಾರುಪತ್ರ ಇವೆಲ್ಲಾ ಅವರ ಕೈಗೇ ಬರುವವು. ಓದಲಾರದ ಹಿರಿಯರು “ಸರಿಯಾಗಿದೆಯೋ, ಮಗಳೇ?” ಎಂದು ಕೇಳಿ, ಅವಳ ಮಾತನ್ನು ನಂಬಿ ಹೆಬ್ಬೆಟ್ಟನ್ನೊತ್ತುವರು. ಇನ್ನು ಕೆಲವರು ದಾದಿಯರ ಶಿಕ್ಷಣಕ್ಕೆ ಹೋಗುವರು. ಪೆನಿಸಿಲಿನ್ ಕೊಡಬಹುದೋ ಎಂಬ ಪ್ರಶ್ನೆಗೆ “ನೋ, ಅಲರ್ಜಿ ಟು ಪೆನಿಸಿಲಿನ್” ಎಂದು ಬರೆಯಬೇಕಾದಲ್ಲಿ ಕಾಮಾ ಬಿಟ್ಟು “ನೋ ಅಲರ್ಜಿ ಟು ಪೆನಿಸಿಲಿನ್” ಎಂದು ಬರೆದರೆ, ಕೊಡಬಾರದೆಂಬ ಎಚ್ಚರಿಕೆಯೇ ಕೊಡಬಹುದೆಂಬ ಅಪ್ಪಣೆಯಾಗುವದು. ರಾತ್ರಿಯ ಪಾಳಿಗೆ ಬಂದವಳು ಬರೆದದ್ದನ್ನೇ ನಂಬಬೇಕಷ್ಟೆ.

ಹಿಂದೆ ತಂತಿಯಲ್ಲಿ ಇಂಗ್ಲೀಷ್ ಸಮಾಚಾರವನ್ನು ಕಳುಹುವವರು ವಾಕ್ಯದ ಕೊನೆಗೆ “ಸ್ಟಾಪ್” ಎಂಬ ಪದವನ್ನೇ ಬರೆಯುತ್ತಿದ್ದರು; ಅರ್ಥ ಕೆಡಬಾರದೆಂಬ ಭಯ ಅವರಿಗಿತ್ತು. ನಮ್ಮ ದೇಶದಲ್ಲಿ ತಂತಿಯ ಸೇವೆಯು ೨೦೧೩ರ ಜುಲೈಯಲ್ಲಿ ನಿಂತುಹೋಯಿತು. ಈಗ ಮೊಬೈಲ್ ಫೋನಿನಲ್ಲಿ ಚಿಹ್ನೆಗಳನ್ನು ಬಿಟ್ಟು ಸಂದೇಶ ಬರೆಯುವದು ವಾಡಿಕೆಯಾಗಿದೆ. ಗೆಳತಿಗೆ ಬರೆಯುವಲ್ಲಿ ಇದು ಕ್ಷಮ್ಯ. ಆದರೆ ಕೈಯ ಅಭ್ಯಾಸವು ಗೆಳತಿ ಯಾರು, ಅಧಿಕಾರಿ ಯಾರು ಎಂದು ವಿಚಾರಿಸುವದಿಲ್ಲ.

ಅಭ್ಯಾಸ

ಕೆಳಗಿನ ವಾಕ್ಯಗಳಿಗೆ ತಕ್ಕ ಚಿಹ್ನೆಗಳನ್ನಿಡಿರಿ. ಮೊದಲು ಉತ್ತರಗಳನ್ನು ನೋಡಬೇಡಿರಿ.

೧. “ಲೆಟ್ ಅಸ್ ಹೆಲ್ಪ್ ಸುಗುಣ” (ಸುಗುಣಳನ್ನು ಕರೆದು ಹೇಳಿದ್ದು)

೨. “ಮೈ ಬ್ರದರ್ ಹೂ ಲಿವ್ಸ್ ಇನ್ ಹುಬ್ಬಳ್ಳಿ ಹ್ಯಾಸ್ ಕಮ್” (ಅಣ್ಣನು ಒಬ್ಬನೇ, ತಮ್ಮಂದಿರಿಲ್ಲ)

೩. “ದಿ ಬೆಲ್ ರ‍್ಯಾಂಗ್ ವಿ ರ‍್ಯಾನ್ ಔಟ್”

೪. “ಶಿ ಆಸ್ಕ್ಡ್ ಮಿ ವೈ ಐ ವಾಸ್ ಲೇಟ್”

೫. “ದಿ ಕ್ಯಾಟ್ ಹ್ಯಾಸ್ ಹರ್ಟ್ ಇಟ್ಸ್ ಪಾ”

೬. “ಐ ಡಿಡ್ ನಾಟ್ ಗೋ ಬಿಕಾಸ್ ಮದರ್ ವಾಸ್ ಇಲ್” (ಹೋಗಲೇ ಇಲ್ಲ)

ಉತ್ತರಗಳು: (೧) “ಹೆಲ್ಪ್” ಎಂಬದರ ಮುಂದೆ ಕಾಮಾ. (೨) “ಬ್ರದರ್” ಎಂಬದರ ಮುಂದೆಯೂ “ಹುಬ್ಬಳ್ಳಿ” ಎಂಬದರ ಮುಂದೆಯೂ ಕಾಮಾ. (೩) “ರ‍್ಯಾಂಗ್” ಎಂಬದರ ಮುಂದೆ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್. ಇಲ್ಲವೆ ಕಾಮಾದೊಡನೆ “ಆ್ಯಂಡ್”. (೪) ಕೊನೆಗೆ ಫುಲ್‌ಸ್ಟಾಪ್ ಮಾತ್ರ. (೫) “ಇಟ್ಸ್” ಎಂಬದಕ್ಕೆ ಅಪಾಸ್ಟ್ರಫಿ ಇಲ್ಲ. (೬) “ಗೋ” ಎಂಬದರ ಮುಂದೆ ಕಾಮಾ. ಎಲ್ಲಾ ವಾಕ್ಯಗಳ ಕೊನೆಗೂ ಫುಲ್‌ಸ್ಟಾಪ್ ಹಾಕುವದು.

ಪ್ರತಿದಿನ ಇಂಗ್ಲೀಷ್ ಪುಸ್ತಕದ ಐದು ಸಾಲುಗಳನ್ನು ಚಿಹ್ನೆ ಬಿಟ್ಟು ನಕಲುಮಾಡಿರಿ. ಮರುದಿನ ಪುಸ್ತಕವನ್ನು ಮುಚ್ಚಿಟ್ಟು ಚಿಹ್ನೆಗಳನ್ನು ನೀವೇ ಇಟ್ಟು, ಆಮೇಲೆ ಹೋಲಿಸಿರಿ. ಭೇದ ಕಂಡಲ್ಲಿ ಯಾಕೆಂದು ಕೇಳಿರಿ. ಹೀಗೆ ಒಂದು ವರ್ಷ ಮಾಡಿದವಳು ಚಿಹ್ನೆಗಳನ್ನು ಮಾತ್ರವಲ್ಲ, ತಾನು ಏನು ಹೇಳಬೇಕೆಂದಿದ್ದಾಳೆಂಬದನ್ನೂ ಸ್ಪಷ್ಟವಾಗಿ ಅರಿಯುವಳು.